ದಿನಕ್ಕೆ ಒಂದೇ ಆಟ: 1480ರಿಂದ 1900ಕ್ಕೆ ನಾನು ಬಂದದ್ದು ಹೀಗೆ

ಹೋದ ತಿಂಗಳು ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ನನ್ನ ರ‍್ಯಾಪಿಡ್ ರೇಟಿಂಗ್ (ಹತ್ತಾರು ನಿಮಿಷದ ಆಟಗಳ ಅಂಕ) 1900 ದಾಟಿತು. ಎರಡು ವರ್ಷದ ಹಿಂದೆ 1480ರ ಆಸುಪಾಸಿನಲ್ಲೇ ಒದ್ದಾಡುತ್ತಿದ್ದೆ. "ದಿನಕ್ಕೆ ಒಂದೇ ಆಟ ಆಡಿದ್ರೆ ಕೈ ತುಕ್ಕು ಹಿಡಿಯುತ್ತೆ ಮಾರಾಯ, ಮೂರು ನಿಮಿಷದ ಬ್ಲಿಟ್ಜ್ ಆಡು" ಎಂದು ಶಿವಮೊಗ್ಗದ ನನ್ನ ಚೆಸ್ ಗೆಳೆಯರೆಲ್ಲ ಹೇಳಿದ್ದರು. ಈಗ ಅವರಲ್ಲಿ ಇಬ್ಬರು ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಆನ್‌ಲೈನ್ ಕೋಚಿಂಗ್, ವಾರಕ್ಕೊಂದು ಕ್ಲಾಸ್, ಕ್ಲಾಸಿಗೆ 700 ರೂಪಾಯಿ. ನಾಲ್ಕು ತಿಂಗಳಿಗೆ ಸುಮಾರು 11,000 ಹೋಯಿತು. ಓಪನಿಂಗ್ (ಆಟದ ಮೊದಲ ನಡೆಗಳ) ಕೋರ್ಸ್‌ಗೆ ಮೂರು ಸಾವಿರ ಚಿಲ್ಲರೆ. ಸಿಸಿಲಿಯನ್ ಎಂಬ ಓಪನಿಂಗ್‌ನಲ್ಲಿ ಇಪ್ಪತ್ತು ನಡೆ ಬಾಯಿಪಾಠ ಮಾಡಿಸಿದರು. ನಮ್ಮ ಮಟ್ಟದಲ್ಲಿ ಎದುರಿನವರು ಐದನೇ ನಡೆಗೇ ಆ ದಾರಿ ಬಿಟ್ಟು ಬೇರೆ ಆಡುತ್ತಾರೆ. ಆಮೇಲೆ ನಾನು ಏನು ಮಾಡಬೇಕು? ಅದನ್ನು ಯಾರೂ ಕಲಿಸಲಿಲ್ಲ.

ದುಡ್ಡಿಗಿಂತ ಜಾಸ್ತಿ ಹಾಳಾಗಿದ್ದು ನಿದ್ದೆ. ಒಂದು ರಾತ್ರಿ ಮೂರು ನಿಮಿಷದ ಆಟ ಶುರು ಮಾಡಿದವನು ಎರಡು ಗಂಟೆವರೆಗೂ ಕೂತೆ. ಮೂವತ್ತೈದು ಆಟ ಆಗಿರಬೇಕು. ಬ್ಲಿಟ್ಜ್ ರೇಟಿಂಗ್ 190 ಪಾಯಿಂಟ್ ಇಳಿಯಿತು. ಸೋತಿದ್ದನ್ನು ವಾಪಸ್ ತರಬೇಕು ಅನ್ನೋ ಹಟ, ಅಷ್ಟೇ. "ನಾಳೆ ಬೆಳಿಗ್ಗೆ ಮೆಡಿಕಲ್ ಶಾಪ್ ಬಾಗಿಲು ತೆಗೆಯೋರು ಯಾರು?" ಎಂದು ಹೆಂಡತಿ ಬಂದು ಕೇಳಿದಳು. ಅವತ್ತೇ ಬ್ಲಿಟ್ಜ್ ಬಿಟ್ಟೆ.

ಆಮೇಲೆ ಹಿಡಿದ ಕ್ರಮ ಇದು. ಅಂಗಡಿ ಮುಚ್ಚಿ, ಊಟ ಮುಗಿಸಿ, ಒಂಬತ್ತೂವರೆಗೆ 15+10ರ (ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ) ಒಂದು ಆಟ. ಗೆದ್ದರೂ ಒಂದೇ ಆಟ, ಸೋತರೂ ಒಂದೇ ಆಟ. ಆಟ ಮುಗಿದ ತಕ್ಷಣ ಸ್ಟಾಕ್‌ಫಿಶ್ (ನಡೆಗಳನ್ನು ಅಳೆಯುವ ಚೆಸ್ ಎಂಜಿನ್) ಹಚ್ಚುವುದಿಲ್ಲ. ಮೊದಲು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆಯುತ್ತೇನೆ: ಎಲ್ಲಿ ಹೆದರಿದೆ, ಎಲ್ಲಿ ನಾಲ್ಕು ನಿಮಿಷ ಸುಮ್ನೆ ಹೋಯಿತು, ಯಾವ ನಡೆ ನಂಬಿಕೆಯಿಲ್ಲದೆ ಆಡಿದೆ. ಆಮೇಲೆ ಎಂಜಿನ್ ನೋಡಿ ಒಂದೇ ಒಂದು ತಪ್ಪನ್ನು ಕೆಂಪು ಪೆನ್ನಿನಲ್ಲಿ ಬರೆಯುವುದು. ನೋಟ್‌ಬುಕ್‌ಗೆ 60 ರೂಪಾಯಿ, ಸುತ್ತಿಡುವ ಬೋರ್ಡ್ ಮತ್ತು ಕಾಯಿಗಳಿಗೆ 650. ಉಪಯೋಗಕ್ಕೆ ಬಂದ ಖರ್ಚು ಇಷ್ಟೇ.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ರೇಟಿಂಗ್ ಇನ್ನೂ ಮೂವತ್ತು ಇಳಿಯಿತು. ಗೆಳೆಯರ ಮಾತೇ ನಿಜವೇನೋ ಅನ್ನಿಸಿತ್ತು. ಸುಮಾರು 250 ಆಟ ಆದ ಮೇಲೆ ಒಂದು ಭಾನುವಾರ ಕೂತು ಕೆಂಪು ಸಾಲುಗಳನ್ನೆಲ್ಲ ಎಣಿಸಿದೆ. ಓಪನಿಂಗ್‌ನಿಂದ ಸೋತದ್ದು ಹತ್ತೋ ಹನ್ನೆರಡೋ. ಎದುರಾಳಿಯ ಕೊನೆಯ ನಡೆ ಯಾಕೆ ಅಂತ ನೋಡದೆ ಸೋತದ್ದು ನೂರರ ಹತ್ತಿರ. ಎಂಡ್‌ಗೇಮ್‌ನಲ್ಲಿ, ಅಂದರೆ ಕಾಯಿಗಳು ಕಡಿಮೆಯಾದ ಕೊನೆ ಹಂತದಲ್ಲಿ, ಕೈಬಿಟ್ಟದ್ದು ಐವತ್ತು. ಮೂರು ಸಾವಿರ ಕೊಟ್ಟು ಓಪನಿಂಗ್ ಕಲಿತವನಿಗೆ ಆ ಪುಟ ನೋಡಿ ಹೊಟ್ಟೆ ಉರಿಯಿತು.

ಒಂದು ಆಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನದು ಕಪ್ಪು, ರಾಜ ಇ7 ಮನೆಯಲ್ಲಿ. ಬಿಳಿಯ ರಾಜ ಡಿ5ರಲ್ಲಿ, ಬಿಳಿ ಸೈನಿಕ ಈಗಷ್ಟೇ ಇ6ಕ್ಕೆ ಬಂದಿದೆ. ಬೋರ್ಡಿನ ಮೇಲೆ ಬೇರೆ ಏನೂ ಇಲ್ಲ. ಗಡಿಯಾರದಲ್ಲಿ 40 ಸೆಕೆಂಡ್ ಇತ್ತು. ರಾಜನನ್ನು ಡಿ8ಕ್ಕೆ ಇಟ್ಟೆ. ಅವನು ಡಿ6ಕ್ಕೆ ಬಂದ, ಅಲ್ಲಿಗೆ ಆಟ ಮುಗಿಯಿತು. ನೇರ ಹಿಂದಕ್ಕೆ ಇ8ಕ್ಕೆ ಹೋಗಬೇಕಿತ್ತು. ಆಗ ಅವನು ಡಿ6ಕ್ಕೆ ಬಂದರೆ ನಾನು ಡಿ8, ಆಪೊಸಿಷನ್ (ರಾಜರಿಬ್ಬರೂ ಒಂದು ಮನೆ ಬಿಟ್ಟು ಎದುರುಬದುರು, ನಡೆ ಅವನದು) ನನ್ನದು, ಆಟ ಡ್ರಾ. ಗೊತ್ತಿದ್ದ ವಿಷಯವೇ, ಅಲ್ವಾ? ಆದರೆ ಕೈಗೆ ಬಂದಿರಲಿಲ್ಲ. ಅದಾದ ಮೇಲೆ ದಿನಾ ಬೋರ್ಡಿನ ಮೇಲೆ ಒಂದು ರಾಜ-ಸೈನಿಕರ ಪೊಸಿಷನ್ ಇಟ್ಟು ಎರಡೂ ಕಡೆಯಿಂದ ಆಡಿದೆ. ಐದು ತಿಂಗಳಾದ ಮೇಲೆ ಅದೇ ಪೊಸಿಷನ್ 1850ರ ಆಟಗಾರನ ಎದುರು ಬಂತು. ಮೂರು ಸೆಕೆಂಡಿಗೆ ಇ8 ಆಡಿ ಡ್ರಾ ಮಾಡಿದೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಆಟ ನೆನಪಿದೆಯಲ್ಲ? ಹದಿನಾಲ್ಕನೇ ಆಟ. ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದರು, ಅದೇ ತಪ್ಪಾಯಿತು. ಗುಕೇಶ್ ಆನೆಗಳನ್ನು ಬದಲಿಸಿ, ಒಂಟೆಗಳನ್ನೂ ಬದಲಿಸಿದರು. ಉಳಿದದ್ದು ರಾಜರು ಮತ್ತು ಸೈನಿಕರು. ವಿಶ್ವ ಕಿರೀಟ ತೀರ್ಮಾನವಾದದ್ದೇ ಅಲ್ಲಿ. ಅವತ್ತು ಅಂಗಡಿಯ ಕೌಂಟರ್ ಹಿಂದೆ ನಿಂತು ಫೋನಿನಲ್ಲಿ ನೋಡುತ್ತಿದ್ದೆ, ಮೈ ಜುಂ ಎಂದಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ರೇಟಿಂಗ್ ಕಾಣದ ಹಾಗೆ ಮಾಡಿ ಎರಡು ತಿಂಗಳು ಆಡಿದೆ. ಎದುರಾಳಿ 2000 ರೇಟಿಂಗ್‌ನವನು ಅಂತ ಗೊತ್ತಿಲ್ಲದಿದ್ದಾಗ ನಾನು ಎಷ್ಟು ಧೈರ್ಯವಾಗಿ ಆಡುತ್ತೇನೆ ಅಂತ ಆಗ ತಿಳಿಯಿತು. ಬೆಳಿಗ್ಗೆ ಐದಕ್ಕೆದ್ದು ಆಡಿ ನೋಡಿದೆ, ನನಗೆ ಒಗ್ಗಲಿಲ್ಲ. ನಡೆಯನ್ನು ಬಾಯಿಬಿಟ್ಟು ಹೇಳಿ ಆಮೇಲೆ ಮೌಸ್ ಮುಟ್ಟುವುದು ಮಾತ್ರ ತುಂಬಾ ಕೆಲಸಕ್ಕೆ ಬಂತು. "ಕುದುರೆ ಎಫ್5, ಮಂತ್ರಿ ಮೇಲೆ ಕಣ್ಣು" ಎಂದು ಹೇಳುವಾಗಲೇ ಎಷ್ಟೋ ಬ್ಲಂಡರ್ ಸಿಕ್ಕಿಬಿದ್ದಿವೆ. ಪಜಲ್ ದಿನಕ್ಕೆ ಹತ್ತೇ. ತಪ್ಪಿದ್ದನ್ನು ವಾರ ಬಿಟ್ಟು ಮತ್ತೆ ಬಿಡಿಸುತ್ತೇನೆ.

ಓಪನಿಂಗ್ ಬಿಳಿಗೆ ಲಂಡನ್, ಕಪ್ಪಿಗೆ ಕಾರೋ-ಕಾನ್. ಕಾರೋ-ಕಾನ್‌ನ ಅಡ್ವಾನ್ಸ್ ಎಂಬ ಕವಲಿನಲ್ಲಿ ಏಳನೆಯದಾಗಿ ನಾನೊಂದು ನಡೆ ಆಡುತ್ತೇನೆ. ನನ್ನ ಮಟ್ಟದವರು ಹತ್ತರಲ್ಲಿ ಆರು ಸಲ ಅದಕ್ಕೆ ತಪ್ಪು ಉತ್ತರ ಕೊಡುತ್ತಾರೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಬರುವ ತಿಂಗಳು ಜಿಲ್ಲಾ ಟೂರ್ನಮೆಂಟ್ ಇದೆ, ಇದನ್ನು ಓದುವ ಗೆಳೆಯರೇ ಅಲ್ಲಿ ಎದುರು ಕೂರುತ್ತಾರೆ.