ರೆಸ್ಟರ್‌ಹಾಫೆ, ಡೋರ್ನುಮ್ ಕಡೆ ಮನೆ ಮಾಡುವ ಹೊಸಬರಿಗೆ

ಎಮ್ಡೆನ್‌ನ ಕಾರು ಕಾರ್ಖಾನೆಗೋ ಔರಿಖ್‌ನ ಗಾಳಿಯಂತ್ರದ ಕಂಪನಿಗೋ ಕೆಲಸಕ್ಕೆ ಬಂದು, ಹಳ್ಳಿಯಲ್ಲಿ ಮನೆ ನೋಡುತ್ತಿರುವ ಕನ್ನಡ ಕುಟುಂಬಗಳಿಗಾಗಿ ನಮ್ಮ ಸಂಘ ಇದನ್ನು ಬರೆಯುತ್ತಿದೆ. ಜರ್ಮನಿಯ ವಾಯವ್ಯ ಮೂಲೆಯ ಈ ಸೀಮೆಗೆ ಓಸ್ಟ್‌ಫ್ರೀಸ್‌ಲಾಂಡ್ ಎಂದು ಹೆಸರು. ಡೋರ್ನುಮ್ ಪಂಚಾಯಿತಿಗೆ ಸೇರಿದ ರೆಸ್ಟರ್‌ಹಾಫೆ ಕೆಲವೇ ಮನೆಗಳ ಊರು. ಆದರೆ ಕನ್ನಡಿಗರಿಗೆ ಅದು ಬರೀ ಹಳ್ಳಿಯಲ್ಲ. ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಅಲ್ಲೇ, ಪಾದ್ರಿಯ ಮಗನಾಗಿ. 1853ರಲ್ಲಿ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆ ಬಂದವರು ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಕನ್ನಡ ಕಲಿತು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮಕ್ಕಳನ್ನು ಒಮ್ಮೆಯಾದರೂ ಆ ಊರಿಗೆ ಕರೆದುಕೊಂಡು ಹೋಗಿ.

ನೆಲ ಇಲ್ಲಿ ಅಂಗೈಯಷ್ಟು ಸಮ. ಬೆಟ್ಟ ಅನ್ನುವುದೇ ಇಲ್ಲ. ಕರಾವಳಿಯ ಜವುಗು ನೆಲವನ್ನು ಉದ್ದನೆಯ ಒಡ್ಡು ಕಾಯುತ್ತದೆ. ಒಳಗಿನ ಮಳೆನೀರು ಕಾಲುವೆಗಳಲ್ಲಿ ಹರಿದು ತೂಬಿನ ಬಳಿ ಸೇರುತ್ತದೆ. ಇಳಿತದಲ್ಲಿ ತೂಬು ತೆರೆದು ನೀರನ್ನು ಸಮುದ್ರಕ್ಕೆ ಬಿಡುತ್ತಾರೆ, ಭರತದಲ್ಲಿ ಮುಚ್ಚುತ್ತಾರೆ. ಡೋರ್ನುಮರ್‌ಸೀಲ್ ಬಂದರು ಬೆಳೆದದ್ದು ಅಂಥ ತೂಬಿನ ಪಕ್ಕದಲ್ಲೇ. ಹಳೆಯ ಚರ್ಚುಗಳು, ಮನೆಗಳು ಎತ್ತರದ ಮಣ್ಣಿನ ದಿಬ್ಬಗಳ ಮೇಲಿರುವುದು ಯಾಕೆ ಅಂತ ಊರಿನವರನ್ನು ಕೇಳಿದರೆ 1717ರ ಕ್ರಿಸ್‌ಮಸ್ ಪ್ರವಾಹದ ಮಾತು ಬರುತ್ತದೆ. ಆ ಒಂದು ರಾತ್ರಿ ಉತ್ತರ ಸಮುದ್ರದ ದಡದಲ್ಲಿ 10,000ಕ್ಕೂ ಹೆಚ್ಚು ಜನ ಸತ್ತರು. ಒಡ್ಡಿನ ಮೇಲೆ ಕುರಿ ಮೇಯುತ್ತಿದ್ದರೆ ಓಡಿಸಬೇಡಿ. ಅವು ಹುಲ್ಲು ಕತ್ತರಿಸಿ, ಮಣ್ಣು ತುಳಿದು ಗಟ್ಟಿ ಮಾಡುತ್ತವೆ.

ಡೋರ್ನುಮ್‌ನಲ್ಲಿ ನೋಡಲು ಬೇಕಾದಷ್ಟಿದೆ. ಬಾರ್ಟೊಲೊಮೇಯುಸ್ ಚರ್ಚಿನಲ್ಲಿ ಗೆರ್ಹಾರ್ಡ್ ಫಾನ್ ಹೋಲಿ 1711ರಲ್ಲಿ ಕಟ್ಟಿ ಮುಗಿಸಿದ ಆರ್ಗನ್ ವಾದ್ಯ ಇದೆ. ಆದರೆ ಮೊದಲು ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಹೋಗಿ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ನಾತ್ಸಿಗಳು ಯಹೂದಿ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟರು. ಡೋರ್ನುಮ್‌ನ ಈ ಮಂದಿರ ಎರಡೇ ದಿನ ಮುಂಚೆ ಯಹೂದಿಯಲ್ಲದವರಿಗೆ ಮಾರಾಟವಾಗಿದ್ದರಿಂದ ಉಳಿಯಿತು. ಕಟ್ಟಡ ಉಳಿದರೂ ಅಲ್ಲಿ ಪ್ರಾರ್ಥಿಸುತ್ತಿದ್ದ ಜನ ಉಳಿಯಲಿಲ್ಲ. ಈಗ ಅದು ಸ್ಮಾರಕ. ನೆರೆಯವರೊಂದಿಗೆ ಬದುಕುವವರಿಗೆ ಈ ಇತಿಹಾಸ ಗೊತ್ತಿರಬೇಕು.

ಜನ ಮಾತು ಕಡಿಮೆ, ಆದರೆ ನಂಬಿಕಸ್ಥರು. ಬೆಳಗಾಗಲಿ ಸಂಜೆಯಾಗಲಿ ‘ಮೊಯಿನ್’ ಎಂದರೆ ಸಾಕು. ಅವರಾಗಿಯೇ ನಿಮ್ಮ ಬಾಗಿಲಿಗೆ ಬರುವುದು ಅಪರೂಪ, ನೀವೇ ಹೋಗಿ ಪರಿಚಯ ಮಾಡಿಕೊಳ್ಳಿ. ಚಹಾಕ್ಕೆ ಕರೆದರೆ ಖಂಡಿತ ಹೋಗಿ. ಇವರು ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುವವರ ಸಾಲಿನವರು. ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಅಸ್ಸಾಂ ಎಲೆಯ ಕಡುಚಹಾ, ಆಮೇಲೆ ಅಂಚಿನಿಂದ ಕೆನೆ. ಕಲಕಬಾರದು! ಮೂರು ಕಪ್ ಕುಡಿಯುವುದು ವಾಡಿಕೆ. ಸಾಕೆನಿಸಿದಾಗ ಚಮಚವನ್ನು ಕಪ್ಪಿನೊಳಗೆ ಇಡಿ, ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ. ನವೆಂಬರ್ 10ರ ಸಂಜೆ ಮಕ್ಕಳು ಲಾಟೀನು ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಸಿಹಿ ತಂದಿಟ್ಟಿರಿ, ನಿಮ್ಮ ಮಕ್ಕಳನ್ನೂ ಜೊತೆಗೆ ಕಳಿಸಿ. ಚಳಿಗಾಲದಲ್ಲಿ ರಸ್ತೆಯ ಮೇಲೆ ಚೆಂಡು ಉರುಳಿಸುವ ಬೋಸೆಲ್ನ್ ಆಟ ನಡೆಯುತ್ತದೆ. ಕಾರು ನಿಧಾನವಾಗಿ ಓಡಿಸಿ.

ಕಾಗದಪತ್ರದ ವಿಷಯ. ಮನೆಗೆ ಬಂದ 2 ವಾರದೊಳಗೆ ಪಂಚಾಯಿತಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು, ಬೀಗದ ಕೈ ತೆಗೆದುಕೊಳ್ಳುವಾಗಲೇ ಕೇಳಿಬಿಡಿ. ಭಾರತದ ಡ್ರೈವಿಂಗ್ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ. ಹಳ್ಳಿಗೆ ಬಸ್ ಕಡಿಮೆ, ರೈಲಿಗೆ ನೋರ್ಡನ್‌ಗೋ ಎಸೆನ್ಸ್‌ಗೋ ಹೋಗಬೇಕು. ಹಾಗಾಗಿ ಲೈಸೆನ್ಸ್ ಕೆಲಸವನ್ನು ಮೊದಲ ತಿಂಗಳೇ ಶುರು ಮಾಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹುಲ್ಲು ಕತ್ತರಿಸುವ ಯಂತ್ರವನ್ನೂ ಓಡಿಸುವಂತಿಲ್ಲ. ತುರ್ತಿಗೆ 112, ರಾತ್ರಿ ವೈದ್ಯರು ಬೇಕಾದರೆ 116117.

ಇಳಿತದ ಹೊತ್ತಿನಲ್ಲಿ ಸಮುದ್ರದ ಕೆಸರು ಬಯಲು ತುಂಬಾ ದೂರ ತೆರೆದುಕೊಳ್ಳುತ್ತದೆ. 2009ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆ. ನಡೆಯುವ ಆಸೆ ಆಗುತ್ತದೆ, ಆದರೆ ನೀರು ಹಿಂದಿನಿಂದ ಕಾಲುವೆಗಳಲ್ಲಿ ನುಗ್ಗಿ ದಾರಿ ಕಡಿಯುತ್ತದೆ. ಪರವಾನಗಿ ಪಡೆದ ಮಾರ್ಗದರ್ಶಿ ಇಲ್ಲದೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಇಳಿಯಲೇಬೇಡಿ.