1968ರ ಕ್ಯಾಮರೋಗೆ ಎಲ್‌ಎಸ್ ಇಂಜಿನ್ ಹಾಕಿದ್ದು: ನನ್ನ ಅನುಭವ

ಇಂಜಿನ್ ಸ್ವಾಪ್‌ನಲ್ಲಿ, ಅಂದ್ರೆ ಹಳೆ ಇಂಜಿನ್ ತೆಗೆದು ಬೇರೆ ಇಂಜಿನ್ ಹಾಕೋದ್ರಲ್ಲಿ, ಇಂಜಿನ್ ಕೂರ್ಸೋದೇ ಎಲ್ಲಕ್ಕಿಂತ ಸುಲಭದ ಕೆಲಸ ಅಂದ್ರೆ ಯಾರೂ ನಂಬಲ್ಲ. ಅಡಾಪ್ಟರ್ ಪ್ಲೇಟು, ಮೌಂಟು ಎಲ್ಲಾ ರೆಡಿಮೇಡ್ ಸಿಗತ್ತೆ, ಹಾಯ್ಸ್ಟ್‌ನಲ್ಲಿ ಎತ್ತಿ ಇಳಿಸಿದ್ರೆ ಒಂದು ಮಧ್ಯಾಹ್ನದಲ್ಲಿ ಜಾಗದಲ್ಲಿ ಕೂತಿರತ್ತೆ, ಫೋಟೋ ತೆಗೆದು ಫ್ರೆಂಡ್ಸ್‌ಗೆಲ್ಲಾ ಕಳಿಸಿ ಭೇಷ್ ಅನ್ನಿಸ್ಕೋಬಹುದು. ಅಸಲಿ ಕೆಲಸ ಶುರುವಾಗೋದು ಅದಾದ್ಮೇಲೆ. ಪೆಟ್ರೋಲು, ಕರೆಂಟು, ನೀರು, ಬ್ರೇಕು, ಈ ನಾಲ್ಕರಲ್ಲೇ ಮುಕ್ಕಾಲು ಪಾಲು ಟೈಮ್ ಹೋಯ್ತು ನಂಗೆ.

ಕಾರು 1968ರ ಶೆವರ್ಲೆ ಕ್ಯಾಮರೋ. 327 ಕ್ಯೂಬಿಕ್ ಇಂಚಿನ ವಿ8 ಇಂಜಿನ್, ಎರಡು ಬ್ಯಾರೆಲ್ ಕಾರ್ಬುರೇಟರ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಂಗೆ ರೇಸ್ ಕಾರ್ ಬೇಕಿರ್ಲಿಲ್ಲ, ಚಳೀಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕು, ಎಸಿ ಹಾಕ್ಕೊಂಡು ದೂರ ಹೋಗೋ ಹಾಗಿರ್ಬೇಕು, ಅಷ್ಟೇ. ಒರಿಜಿನಲ್ ಕಾರ್ ಹಾಳ್ಮಾಡ್ತೀಯಾ ಅಂತ ಬೈಯೋರಿಗೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕಾರಿನ ಬಾಡಿಗೆ ಗರಗಸ ಮುಟ್ಟಿಸಿಲ್ಲ, ಹಳೆ ಇಂಜಿನ್ನು ಗೇರ್‌ಬಾಕ್ಸು ಎರಡೂ ಎಣ್ಣೆ ಹಚ್ಚಿ ಮುಚ್ಚಿ ಇಟ್ಟಿದೀನಿ, ನಾಳೆ ಯಾರಿಗಾದ್ರೂ ವಾಪಸ್ ಹಾಕೋ ಆಸೆ ಬಂದ್ರೆ ಹಾಕ್ಕೋಬಹುದು.

ಎಲ್‌ಎಸ್ ಅಂದ್ರೆ ಶೆವರ್ಲೆ ಮಾಡೋ ಜನರಲ್ ಮೋಟರ್ಸ್‌ನ ವಿ8 ಇಂಜಿನ್‌ಗಳ ಒಂದು ಫ್ಯಾಮಿಲಿ, ಅದು ಶುರುವಾಗಿದ್ದು 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಿಂದ. ನಾನು ತಗೊಂಡಿದ್ದು ಅದ್ರ ಪಿಕಪ್ ಟ್ರಕ್ ತಮ್ಮ, 5.3 ಲೀಟರಿನ ಎಲ್‌ಎಂ7. ಬ್ಲಾಕು ಕಾಸ್ಟ್ ಐರನ್, ಹೆಡ್ಡು ಅಲ್ಯುಮಿನಿಯಂ. ಅಲ್ಯುಮಿನಿಯಂ ಬ್ಲಾಕಿಗಿಂತ ಒಂದಿಷ್ಟು ತೂಕ ಜಾಸ್ತಿ ನಿಜ, ಆದ್ರೆ ಸುಲಭವಾಗಿ ಸಿಗತ್ತೆ, ಗಟ್ಟಿಮುಟ್ಟು. ಹಾರ್ಸ್‌ಪವರ್ ಲೆಕ್ಕದಲ್ಲಿ ಒಂದು ಮಜಾ ಇದೆ: 1968ರ ಕ್ಯಾಟಲಾಗ್‌ನಲ್ಲಿ ನನ್ನ 327ಗೆ 210 ಅಂತಿದೆ, ಎಲ್‌ಎಂ7ಗೆ 285, ವ್ಯತ್ಯಾಸ 75 ಅಷ್ಟೇನಾ ಅನ್ಸತ್ತೆ. ಆದ್ರೆ ಆ ಕಾಲದಲ್ಲಿ ಅಳೀತಿದ್ದಿದ್ದು ಗ್ರಾಸ್, ಅಂದ್ರೆ ಏರ್ ಕ್ಲೀನರ್, ಸೈಲೆನ್ಸರ್ ಏನೂ ಇಲ್ಲದೆ ಬರೀ ಇಂಜಿನ್ ಸ್ಟ್ಯಾಂಡ್ ಮೇಲಿಟ್ಟು. 1972ರಿಂದ ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದ್ವು. ಹಂಗಾಗಿ ರೋಡ್ ಮೇಲಿನ ವ್ಯತ್ಯಾಸ ಕಾಗದದ ಮೇಲಿರೋದಕ್ಕಿಂತ ತುಂಬಾ ದೊಡ್ಡದು.

ಟ್ರಕ್ ಇಂಜಿನ್ ಕಾರಿಗೆ ಹಾಕೋವಾಗ ಮೇಲೂ ತಾಗತ್ತೆ ಕೆಳಗೂ ತಾಗತ್ತೆ. ಟ್ರಕ್ಕಿನ ಇನ್‌ಟೇಕ್ (ಇಂಜಿನ್‌ಗೆ ಗಾಳಿ ಹೋಗೋ ಭಾಗ) ಎತ್ತರ, ಬಾನೆಟ್ ಮುಚ್ಚಲ್ಲ, ಅದಕ್ಕೆ ಕಾರಿನ ತಗ್ಗು ಇನ್‌ಟೇಕ್ ಹಾಕ್ದೆ. ಸಂಪ್ (ಇಂಜಿನ್ ಕೆಳಗಿನ ಎಣ್ಣೆ ತಟ್ಟೆ) ಆಳ, ಫ್ರೇಮಿನ ಅಡ್ಡಪಟ್ಟಿ ಕ್ರಾಸ್‌ಮೆಂಬರ್ ಕೆಳಗೆ ಜೋತು ಬೀಳತ್ತೆ, ಅದನ್ನೂ ಬದಲಾಯಿಸ್ದೆ. ಸಂಪ್ ಬದಲಾಯಿಸಿದ್ರೆ ಆಯಿಲ್ ಪಿಕಪ್ ಟ್ಯೂಬೂ ಅದಕ್ಕೆ ಸರಿಹೊಂದೋದೇ ಬೇಕು, ಅದ್ರ ಓ-ರಿಂಗ್ (ಸೋರದ ಹಾಗೆ ಹಾಕೋ ರಬ್ಬರ್ ಉಂಗುರ) ಸೈಜ್ ಎರಡೆರಡು ಸಲ ನೋಡಿ ಹಾಕಿ. ಓ-ರಿಂಗ್ ಸರಿ ಕೂರ್ಲಿಲ್ಲ ಅಂದ್ರೆ ಪಂಪು ಎಣ್ಣೆ ಜೊತೆ ಗಾಳೀನೂ ಎಳ್ಕೊಳತ್ತೆ, ಬೇರಿಂಗ್ ಕಥೆ ಮುಗೀತು. ಎಸಿ ಕಂಪ್ರೆಸರ್ ಟ್ರಕ್‌ನಲ್ಲಿ ಕೆಳಗಿರತ್ತೆ, ಇಲ್ಲಿ ಫ್ರೇಮಿಗೆ ಬಡಿಯತ್ತೆ, ಮೇಲೆ ಕೂರ್ಸೋ ಬ್ರಾಕೆಟ್ ತರ್ಸಿದೆ.

ಇನ್ನು ಪೆಟ್ರೋಲು. ಕಾರ್ಬುರೇಟರ್‌ಗೆ 5ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಪ್ರೆಶರ್ ಸಾಕು, ಈ ಇಂಜೆಕ್ಟರ್‌ಗಳಿಗೆ 58 ಬೇಕು. ಹಳೆ ರಬ್ಬರ್ ಪೈಪು, ಕ್ಲಿಪ್ಪು ಅಲ್ಲಿ ನಿಲ್ಲೋ ಮಾತೇ ಇಲ್ಲ, ಇಎಫ್‌ಐ, ಅಂದ್ರೆ ಫ್ಯೂಯಲ್ ಇಂಜೆಕ್ಷನ್, ರೇಟಿಂಗ್ ಇರೋದನ್ನೇ ಹಾಕ್ಬೇಕು, ಇದ್ರಲ್ಲಿ ಜುಗ್ಗತನ ಮಾಡಿದ್ರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮತ್ತೆ. ಪಂಪನ್ನ ಹೊರಗಡೆ ಫ್ರೇಮಿಗೆ ಕಟ್ಟಿದ್ರೂ ನಡೆಯತ್ತೆ ಅಂತಾರೆ, ನಂಗೆ ಅದು ಇಷ್ಟ ಇಲ್ಲ, ಯಾವಾಗ್ಲೂ ಕಿರುಗುಟ್ಟತ್ತೆ, ಬಿಸಿಯಾಗತ್ತೆ. ಒಳಗೇ ಪಂಪ್ ಇರೋ, ಪೆಟ್ರೋಲ್ ಆ ಕಡೆ ಈ ಕಡೆ ಓಡದ ಹಾಗೆ ಬ್ಯಾಫಲ್ ಇರೋ ಹೊಸ ಟ್ಯಾಂಕ್ ತಗೊಂಡೆ. ಇಲ್ಲಾಂದ್ರೆ ಅರ್ಧಕ್ಕಿಂತ ಕಮ್ಮಿ ಪೆಟ್ರೋಲ್ ಇದ್ದಾಗ ಜೋರಾಗಿ ತಿರುವು ತಗೊಂಡ್ರೆ ಪಂಪಿಗೆ ಗಾಳಿ ಸಿಕ್ಕಿ ಇಂಜಿನ್ ಮುಗ್ಗರಿಸತ್ತೆ. ಪ್ರೆಶರ್ ರೆಗ್ಯುಲೇಟರ್‌ಗೆ ಸಲೀಸಾದ ದಾರಿ ಕಾರ್ವೆಟ್‌ನ ಫಿಲ್ಟರ್, ಅದ್ರೊಳಗೇ 58 ಪಿಎಸ್‌ಐ ರೆಗ್ಯುಲೇಟರ್ ಇರತ್ತೆ. ಅದನ್ನ ಟ್ಯಾಂಕ್ ಪಕ್ಕದಲ್ಲೇ ಫಿಟ್ ಮಾಡಿದ್ರೆ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರೋ ರಿಟರ್ನ್ ಲೈನ್ ಗಿಡ್ಡ ಆಗತ್ತೆ, ಮುಂದಕ್ಕೆ ಒಂದೇ ಪೈಪ್ ಹೋದ್ರೆ ಸಾಕು.

ವೈರಿಂಗ್‌ನಲ್ಲಿ ಜನ ಹೆದರೋದು ಕಂಪ್ಯೂಟರಿಗೆ, ಆದ್ರೆ ಕೈ ಕೊಡೋದು ಹಳೆ ಕಾರಿನ ವೈರು. ಇಸಿಎಂಗೆ, ಅಂದ್ರೆ ಇಂಜಿನ್ ನಡೆಸೋ ಆ ಕಂಪ್ಯೂಟರಿಗೆ, ಬೇಕಾಗಿರೋದು ಮುಖ್ಯವಾಗಿ ಮೂರೇ, ಬ್ಯಾಟರಿಯಿಂದ ಯಾವಾಗ್ಲೂ ಇರೋ 12 ವೋಲ್ಟ್, ಇಗ್ನಿಷನ್ ಆನ್ ಮಾಡಿದಾಗ ಬರೋ 12 ವೋಲ್ಟ್, ಒಳ್ಳೆ ಅರ್ತಿಂಗ್. ಎರಡನೇದ್ರಲ್ಲಿ ಎಡವೋ ಜಾಗ ಎರಡಿವೆ. ಮೊದಲನೇದು, ಪಾಯಿಂಟ್ ಇಗ್ನಿಷನ್ (ಎಲೆಕ್ಟ್ರಾನಿಕ್ ಅಲ್ಲದ ಹಳೆ ಥರದ್ದು) ಇದ್ದ ಕಾರಿನಲ್ಲಿ ಕಾಯಿಲ್‌ಗೆ ಹೋಗೋ ವೈರು ಮಾಮೂಲಿ ವೈರಲ್ಲ, ರೆಸಿಸ್ಟೆನ್ಸ್ ವೈರು, ಕಾಯಿಲ್ ಸುಡದೇ ಇರ್ಲಿ ಅಂತ ಬೇಕಂತಲೇ ವೋಲ್ಟೇಜ್ ಇಳಿಸೋದು. ನೋಡೋಕೆ ಕೈಗೆ ಸಿಗೋ ಹಾಗೆ ಫೈರ್‌ವಾಲ್ (ಇಂಜಿನ್‌ಗೂ ಕೂರೋ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹತ್ರಾನೇ ಇರತ್ತೆ, ಅಲ್ಲಿಂದ ಕರೆಂಟ್ ತಗೊಂಡ್ರೆ ಲೋಡ್ ಬಿದ್ದ ತಕ್ಷಣ ವೋಲ್ಟೇಜ್ ಕುಸಿದು ಇಸಿಎಂ ಹುಚ್ಚುಹುಚ್ಚಾಗಿ ಆಡತ್ತೆ. ಎರಡನೇದು, ಕೀ ಆನ್‌ನಲ್ಲಿ 12 ವೋಲ್ಟ್ ತೋರ್ಸೋ ಕೆಲವು ವೈರು ಸೆಲ್ಫ್ ಹೊಡೆಯೋ ಹೊತ್ತಿಗೆ ಸತ್ತೋಗತ್ತೆ. ಮಲ್ಟಿಮೀಟರ್ ಚುಚ್ಚಿ ಇನ್ನೊಬ್ರ ಕೈಲಿ ಸೆಲ್ಫ್ ಹೊಡೆಸಿ ನೋಡಿ, ಆಗ್ಲೂ ಕರೆಂಟ್ ಇದ್ರೆ ಮಾತ್ರ ಆ ವೈರು ಸರಿ. ನಾನು ಆ ವೈರಿನಿಂದ ಬರೀ ರಿಲೇ (ಕರೆಂಟಿನಿಂದ ಆನ್ ಆಗೋ ಸ್ವಿಚ್ಚು) ಎಳೆಸಿ, ಇಸಿಎಂಗೆ ನೇರ ಬ್ಯಾಟರಿಯಿಂದ ಫ್ಯೂಸ್ ಮೂಲಕ ಕೊಟ್ಟೆ.

ಅರ್ತಿಂಗ್ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಇಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಹಂಗಾಗಿ ಇಂಜಿನ್‌ನಿಂದ ಬಾಡಿಗೆ, ಇಂಜಿನ್‌ನಿಂದ ಫ್ರೇಮಿಗೆ, ಬಾಡಿಯಿಂದ ಬ್ಯಾಟರಿಗೆ ದಪ್ಪ ಕೇಬಲ್ ಬೇಕೇ ಬೇಕು, ಪೇಂಟ್ ಕೆರೆದು ಲೋಹ ಕಾಣೋವರೆಗೂ ಉಜ್ಜಿ ಬಿಗೀಬೇಕು. ಇಸಿಎಂನಲ್ಲಿ ಟ್ರಕ್ಕಿನ ಕಳ್ಳತನ ತಡೆಯೋ ಲಾಕ್ ಇರತ್ತಲ್ಲ, ಅದನ್ನ ಪ್ರೋಗ್ರಾಂನಲ್ಲಿ ತೆಗೆಸಿ, ಇಲ್ದಿದ್ರೆ ಎರಡು ಸೆಕೆಂಡ್ ಓಡಿ ಆಫ್ ಆಗತ್ತೆ, ಕೆಲವ್ರು ಪಾಪ ಅದಕ್ಕೆ ಪೆಟ್ರೋಲ್ ಪಂಪ್ ಬದಲಾಯಿಸ್ತಾ ಕೂತಿರ್ತಾರೆ.

ಕೂಲಿಂಗ್‌ನಲ್ಲಿ ಒಂದೇ ವಿಷಯ. ಎಲ್‌ಎಸ್ ಹೆಡ್‌ಗಳ ಮೇಲ್ಗಡೆ ಹಬೆ ಹೋಗೋಕೆ ಸಣ್ಣ ಪೈಪ್ ಇರತ್ತೆ, ಹಳೆ ಇಂಜಿನ್‌ನಲ್ಲಿ ಇದು ಇರ್ಲಿಲ್ಲ, ಅದಕ್ಕೆ ಕೆಲವ್ರು ಬೇಡ ಅಂತ ಮುಚ್ಚಿಬಿಡ್ತಾರೆ. ಮುಚ್ಬೇಡಿ, ರೇಡಿಯೇಟರ್ ಮೇಲ್ಭಾಗಕ್ಕೆ ಕನೆಕ್ಟ್ ಮಾಡಿ, ಇಲ್ಲಾಂದ್ರೆ ಹೆಡ್‌ನಲ್ಲಿ ಹಬೆ ಸಿಕ್ಕಿಹಾಕ್ಕೊಂಡು ಅಲ್ಲಲ್ಲೇ ಕುದಿಯತ್ತೆ, ಮೀಟರಲ್ಲಿ ಅದು ಕಾಣೋದೂ ಇಲ್ಲ.

ಗೇರ್‌ಬಾಕ್ಸ್ 4ಎಲ್60ಇ, ನಾಲ್ಕು ಗೇರಿನ ಆಟೋಮ್ಯಾಟಿಕ್, ಟ್ರಕ್ಕಿನ ಕಂಪ್ಯೂಟರೇ ಇದನ್ನೂ ನೋಡ್ಕೊಳತ್ತೆ. ಮೊದಲನೇ ಗೇರಿನ ಅನುಪಾತ 3.06, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು ತಿರುಗೋಕೆ ಇಂಜಿನ್ 3.06 ಸುತ್ತು, ನಾಲ್ಕನೇದು 0.70 ಓವರ್‌ಡ್ರೈವ್. ಹಿಂದಿನ ಆಕ್ಸಲ್‌ನ ಅನುಪಾತ 3.08 ಇತ್ತು, ಅದ್ರ ಮೇಲೆ 0.70 ಅಂದ್ರೆ ಇಂಜಿನ್ ಮಲಗಿಬಿಡತ್ತೆ, ಅದಕ್ಕೆ 3.73 ಹಾಕ್ದೆ. ಈಗ 100 ಕಿಮೀ ವೇಗದಲ್ಲಿ ಸುಮಾರು 2,100 ಆರ್‌ಪಿಎಂ, ಮೊದಲು 2,500 ಆಸುಪಾಸು ಇರ್ತಿತ್ತು, ಆದ್ರೂ ಸಿಗ್ನಲ್‌ನಿಂದ ಹೊರಡೋವಾಗ ಎಳೆತ ಎಷ್ಟೋ ಪಟ್ಟು ಚೆನ್ನಾಗಿದೆ. ಪ್ರೊಪೆಲ್ಲರ್ ಶಾಫ್ಟ್ ಅಳತೆ ತಗೊಳೋವಾಗ ಕಾರಿನ ಭಾರ ಚಕ್ರದ ಮೇಲಿರ್ಬೇಕು, ಆಕ್ಸಲ್ ನೇತಾಡ್ತಿರೋವಾಗ ಅಳೆದ್ರೆ ಅಳತೆ ತಪ್ಪತ್ತೆ.

ಬ್ರೇಕ್ ಕೆಲಸ ನಾನು ಇಂಜಿನ್‌ಗಿಂತ ಮೊದಲೇ ಮುಗಿಸಿದ್ದೆ, ಎಲ್ರೂ ಹಾಗೇ ಮಾಡ್ಬೇಕು ಅನ್ನೋದು ನನ್ನ ಹಠ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಹಾಗೇ, ಬೂಸ್ಟರು, ಅದಕ್ಕೆ ಹೊಂದೋ ಮಾಸ್ಟರ್ ಸಿಲಿಂಡರ್, ಹಿಂದಿನ ಬ್ರೇಕಿನ ಒತ್ತಡ ಕಮ್ಮಿ ಮಾಡೋ ಪ್ರೊಪೋರ್ಷನಿಂಗ್ ವಾಲ್ವ್. ವಾಲ್ವ್ ಬಿಟ್ರೆ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಹಿಂದೆಮುಂದೆ ಆಗತ್ತೆ.

ಮೊದಲ ಸ್ಟಾರ್ಟ್‌ಗೆ ಮುಂಚೆ ಆಯಿಲ್ ಪ್ರೆಶರ್ ಬರಿಸ್ಬೇಕಲ್ಲ, ಹಳೆ ವಿ8ನಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದು ಆ ತೂತಿಗೆ ಡ್ರಿಲ್ ಕೊಟ್ಟು ತಿರುಗಿಸಿದ್ರೆ ಆಯ್ತು. ಎಲ್‌ಎಸ್‌ನಲ್ಲಿ ಆಯಿಲ್ ಪಂಪ್ ಕ್ರ್ಯಾಂಕ್ ತುದೀಲೇ ಇರತ್ತೆ, ಆ ಟ್ರಿಕ್ ನಡೆಯಲ್ಲ. ಇಂಜೆಕ್ಟರ್ ಫ್ಯೂಸ್ ಕಿತ್ತು, ಪ್ಲಗ್ ಬಿಚ್ಚಿ, ಸ್ವಲ್ಪಸ್ವಲ್ಪ ಹೊತ್ತು ಸೆಲ್ಫ್ ಹೊಡೀತಾ ಮೀಟರ್ ಮುಳ್ಳು ಮೇಲೇಳೋವರೆಗೂ ಕಾದೆ, ಆಮೇಲೇ ಪ್ಲಗ್ ಹಾಕಿ ಫ್ಯೂಸ್ ಸಿಕ್ಕಿಸಿದ್ದು.

ಸ್ಟೀರಿಂಗ್ ಬಾಕ್ಸ್ ಮಾತ್ರ ಇನ್ನೂ ಹಳೇದೇ, ಪಾರ್ಕಿಂಗ್‌ನಲ್ಲಿ ಚಕ್ರ ತಿರುಗಿಸಿ ತಿರುಗಿಸಿ ಸಾಕಾಗತ್ತೆ. ಕಮ್ಮಿ ತಿರುಗಿಸಿದ್ರೆ ಸಾಕಾಗೋ ಕ್ವಿಕ್ ರೇಶಿಯೋ ಬಾಕ್ಸ್ ಹಾಕೋ ಪ್ಲಾನ್ ಇದೆ, ಆದ್ರೆ ಮೊದಲು ಸಬ್‌ಫ್ರೇಮ್ ಬುಶ್‌ಗಳು ಬದಲಾಗ್ಬೇಕು, ಅವು ಸವೆದಿರೋವಾಗ ಎಂಥ ಬಾಕ್ಸ್ ಹಾಕಿದ್ರೂ ಸ್ಟೀರಿಂಗ್ ಸಡಿಲ ಸಡಿಲವಾಗೇ ಇರತ್ತೆ.