ನೋಯದ ಗಂಟು, ಹತ್ತಿ ಬಿಡಿಸುವ ಕಾಲ

ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್. ರೇಷನ್ ಕಾರ್ಡು, ರೆಫರಲ್ ಚೀಟಿ, ಉಳಿಯೋಕೆ ಜಾಗ, ಊರಿಗೆ ಹೋಗೋಕೆ ದುಡ್ಡು, ಇದೆಲ್ಲ ಬಂದು ನಿಲ್ಲುವುದು ನನ್ನ ಮೇಜಿನ ಮುಂದೆ.

ರಾಯಚೂರು ಕಡೆಯಿಂದ ಒಬ್ಬ ಅಮ್ಮ ಬಂದಿದ್ದರು. ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಸೆರಗು ಸರಿಸಿದರೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಆರು ವರ್ಷದಿಂದ ಇದೆಯಂತೆ. "ನೋಯಂಗಿಲ್ರೀ ಅದು, ನೋವಿದ್ದಿದ್ರ ಅವಾಗೇ ಬರ್ತಿದ್ದೆ" ಅಂದರು. ಅದೇ ವಾರ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಸ್ಕ್ಯಾನ್ ಮಾಡಿಸಿದಾಗ 8 ಮಿಲಿಮೀಟರ್ ಗಂಟು ಸಿಕ್ಕಿದ ಹುಡುಗಿಯೊಬ್ಬಳೂ ಬಂದಿದ್ದಳು. ಇಬ್ಬರಿಗೂ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್, ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಬರುವ ಒಂದು ಬಗೆಯ ಕ್ಯಾನ್ಸರ್.

ಥೈರಾಯ್ಡ್ ಕ್ಯಾನ್ಸರ್ ಬಂದವರಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಅಮೆರಿಕದಲ್ಲಿ ಶೇ 98ರ ಆಸುಪಾಸು. ಆದರೆ ಈ ಅಂಕಿಯನ್ನು ನೋಡಿ ಸುಮ್ನೆ ಸಮಾಧಾನ ಪಡಬಾರದು. ದಕ್ಷಿಣ ಕೊರಿಯಾದಲ್ಲಿ ಹೆಲ್ತ್ ಚೆಕಪ್‌ನಲ್ಲಿ ತುಂಬಾ ಜನರ ಕುತ್ತಿಗೆಗೆ ಸ್ಕ್ಯಾನ್ ಮಾಡೋಕೆ ಶುರುಮಾಡಿದ ಮೇಲೆ 2011ರ ಹೊತ್ತಿಗೆ ಈ ಕಾಯಿಲೆ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟಾಯಿತು, ಸಾಯುವವರ ಸಂಖ್ಯೆ ಮಾತ್ರ ಹಾಗೇ ಇತ್ತು. ಅಂದರೆ ದುಡ್ಡಿರುವವರಲ್ಲಿ ತೊಂದರೆಯನ್ನೇ ಕೊಡದ ಪುಟ್ಟ ಗಂಟುಗಳೂ ಲೆಕ್ಕಕ್ಕೆ ಬಂದು ಅಂಕಿಯನ್ನು ಚೆನ್ನಾಗಿ ಕಾಣಿಸುತ್ತವೆ. ಬಡವರಲ್ಲಿ ಲೆಕ್ಕಕ್ಕೆ ಬರುವುದೇ ಸೆರಗಿನಲ್ಲಿ ಮುಚ್ಚಿಟ್ಟ ಗಂಟು. ಅಮೆರಿಕದಲ್ಲೂ ವಿಮೆ ಇಲ್ಲದವರು, ಕಡಿಮೆ ಆದಾಯದವರು ಕಾಯಿಲೆ ಹರಡಿದ ಮೇಲೆ ಬರುವುದು ಉಳಿದವರಿಗಿಂತ ಹೆಚ್ಚು.

ಆ ಅಮ್ಮನಿಗೆ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಆಪರೇಷನ್‌ಗೆ ಕೈಯಿಂದ ದುಡ್ಡು ಹೋಗಲಿಲ್ಲ. ಆಮೇಲೆ ರೇಡಿಯೋ ಅಯೋಡಿನ್‌ಗೆ, ಅಂದರೆ ಉಳಿದ ಥೈರಾಯ್ಡ್ ಕೋಶಗಳನ್ನು ಸುಡುವ ವಿಕಿರಣದ ಔಷಧಿಗೆ, ತಾರೀಖು ಕೊಟ್ಟೆವು. ಅವರು ಬರಲಿಲ್ಲ. ನಾನು ಫೈಲಿನ ಮೇಲೆ 'ಫಾಲೋಅಪ್ ತಪ್ಪಿಸಿದ್ದಾರೆ' ಅಂತ ಬರೆದು ಪಕ್ಕಕ್ಕಿಟ್ಟೆ. ಹದಿನಾಲ್ಕು ತಿಂಗಳ ಮೇಲೆ ಕುತ್ತಿಗೆಯಲ್ಲಿ ಮತ್ತೆ ಗಂಟುಗಳನ್ನಿಟ್ಟುಕೊಂಡು ಬಂದರು. ಹಾಗೆ ಬರೆದದ್ದಕ್ಕೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಯಾಕೆ ಬರಲಿಲ್ಲ ಅಂತ ಕೂತು ಕೇಳಿದೆ. ಅಯೋಡಿನ್ ಕೊಡುವ ಮೊದಲು ಮೂರು-ನಾಲ್ಕು ವಾರ ಥೈರಾಕ್ಸಿನ್ ಮಾತ್ರೆ, ಅಂದರೆ ತೆಗೆದ ಗ್ರಂಥಿಯ ಹಾರ್ಮೋನಿಗೆ ಬದಲಾಗಿ ಕೊಡುವ ಮಾತ್ರೆ, ನಿಲ್ಲಿಸಬೇಕು. ನಿಲ್ಲಿಸದೆ ಮಾಡುವ ಇಂಜೆಕ್ಷನ್ ಇದೆ, ಆದರೆ ತುಂಬಾ ದುಬಾರಿ. ಮಾತ್ರೆ ನಿಲ್ಲಿಸಿದರೆ ಮೈ ಭಾರ, ಚಳಿ, ಏಳೋಕೇ ಆಗದಷ್ಟು ಸುಸ್ತು. ನಾವು ಕೊಟ್ಟ ತಾರೀಖು ಸರಿಯಾಗಿ ಹತ್ತಿ ಬಿಡಿಸುವ ಕಾಲಕ್ಕೆ ಬಿದ್ದಿತ್ತು. ಅವರಿಗೆ ವರ್ಷದಲ್ಲಿ ನಾಲ್ಕು ಕಾಸು ಕೈಗೆ ಬರುವುದೇ ಆಗ. ಅದೂ ಅಲ್ಲದೆ ಮನೆ ಒಂದೇ ಕೋಣೆ. ಅಯೋಡಿನ್ ತಗೊಂಡ ಮೇಲೆ ಮೈಯಿಂದ ವಿಕಿರಣ ಬರುವುದರಿಂದ ಕೆಲವು ದಿನ ಮಕ್ಕಳ ಪಕ್ಕ ಮಲಗಬಾರದು ಅಂದಿದ್ದೆವು. ಮೊಮ್ಮಗು ಮಲಗುವುದು ಅವರ ಪಕ್ಕದಲ್ಲೇ. ಇದನ್ನೆಲ್ಲ ನಾವ್ಯಾರೂ ಕೇಳಿರಲೇ ಇಲ್ಲ.

ಆಗಿನಿಂದ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಡಿಸ್ಚಾರ್ಜ್ ದಿನ ಬೆಳಗ್ಗೆಯೇ ಹಾಸಿಗೆ ಹತ್ತಿರ ಹೋಗಿ ಕೂರುತ್ತೇನೆ. ಕೂಲಿ ಯಾವ ತಿಂಗಳು ಜಾಸ್ತಿ, ಮನೆಯಲ್ಲಿ ಮಲಗೋರು ಎಷ್ಟು ಜನ, ಜೊತೆಗೆ ಬರೋರು ಯಾರು, ಅವತ್ತು ಯಾರ ಕೂಲಿ ಹೋಗುತ್ತದೆ, ಇಷ್ಟನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋದರೆ, ಕೆಲವು ವಾರ ಮುಂದೆ ಹಾಕಿದರೂ ಅಪಾಯವಿಲ್ಲ ಅನ್ನಿಸಿದವರಿಗೆ ಅವರೇ ತಾರೀಖು ಬದಲಿಸುತ್ತಾರೆ. ಜೊತೆಗೆ ಗಂಡ ಬರುವ ಬದಲು ಅಕ್ಕನೋ ಮಗಳೋ ಬರಲಿ ಅನ್ನುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, 400 ಕಿಲೋಮೀಟರ್ ಹೋಗಿ ಬರೋರಿಗೆ ಅದು ಸಣ್ಣ ಮಾತಲ್ಲ. ರೈಲಿನಲ್ಲಿ ಬರೋರಿಗೆ ಕ್ಯಾನ್ಸರ್ ರಿಯಾಯಿತಿ ಫಾರ್ಮ್ ನಾನೇ ತುಂಬಿ ಸಹಿ ಮಾಡಿಸಿ ಕೊಡುತ್ತೇನೆ.

ರೇಡಿಯೋ ಅಯೋಡಿನ್‌ಗೆ ಮೊದಲು ಮಾಡಬೇಕಾದ ಪಥ್ಯದ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ನಾನು ಕನ್ನಡದಲ್ಲಿ, ಅವರ ಅಡುಗೆಮನೆಗೆ ಹೊಂದುವ ಹಾಗೆ ಬರೆದೆ. ಎರಡು ವಾರ ಪ್ಯಾಕೆಟ್ ಅಯೋಡಿನ್ ಉಪ್ಪು ಬೇಡ, ಹಾಲು ಮೊಸರು ಮೊಟ್ಟೆ ಬೇಡ, ಅಂಗಡಿ ಉಪ್ಪಿನಕಾಯಿ, ಬ್ರೆಡ್ಡು ಬೇಡ. ಜೋಳದ ರೊಟ್ಟಿ, ಕಾಯಿಪಲ್ಯ ತಿನ್ನಬಹುದು. ಅಯೋಡಿನ್ ಇಲ್ಲದ ಉಪ್ಪು ಹಳ್ಳಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಅದಕ್ಕೇ ಅರ್ಧ ಕೇಜಿ ಕಟ್ಟಿ ಕೈಗೆ ಕೊಟ್ಟು ಕಳಿಸುತ್ತೇನೆ.

ಥೈರಾಕ್ಸಿನ್ ಮಾತ್ರೆಗೆ ದಿನಕ್ಕೆ ಒಂದೆರಡು ರೂಪಾಯಿ ಅಷ್ಟೇ. ಆದರೂ ನಿಲ್ಲಿಸುತ್ತಾರೆ, ಆಪರೇಷನ್ ಆಯ್ತಲ್ವಾ ಇನ್ಯಾಕೆ ಅಂತ. ಇದು ಜೀವಮಾನ ಪೂರ್ತಿ ಅಂತ ಮನೆಯವರ ಮುಂದೆಯೇ ಹೇಳಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ ಚಹಾ ಕುಡಿಯಬಾರದು. ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು.

ಆ ಅಮ್ಮನಿಗೆ ಎರಡನೇ ಆಪರೇಷನ್ ಆಯಿತು, ಈ ಸಲ ಅಯೋಡಿನ್ನೂ ಆಯಿತು. ಆ ದಿನಗಳಲ್ಲಿ ಮೊಮ್ಮಗು ಅತ್ತೆ ಮನೆಯಲ್ಲಿತ್ತು. ಈಗ ರಕ್ತ ಪರೀಕ್ಷೆ ರಾಯಚೂರಿನಲ್ಲೇ ಮಾಡಿಸುತ್ತಾರೆ, ಥೈರೋಗ್ಲೋಬ್ಯುಲಿನ್ (ಕ್ಯಾನ್ಸರ್ ಮರಳಿದೆಯೇ ಅಂತ ಸುಳಿವು ಕೊಡುವ ರಕ್ತದ ಪ್ರೋಟೀನ್) ಹೋಲಿಸಿ ನೋಡೋಕೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ. ರಿಪೋರ್ಟನ್ನು ಮಗ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ಮುಂದಿನ ಸ್ಕ್ಯಾನ್‌ಗೆ ಬರುವುದು ಹತ್ತಿ ಮುಗಿದ ಮೇಲೆ, ಅಕ್ಕನ ಜೊತೆ. ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದೆ.